ಮಗಳು ಪ್ರೀ-ಮೆಡ್ ಅಂತಾಳೆ: ಈ ಕಾಲೇಜು ಪಟ್ಟಿ ಸರಿಯಾಗಿದೆಯಾ, ನೋಡಿ ಹೇಳಿ

ಫ್ರಿಸ್ಕೋ_ಅಮ್ಮ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿದ್ದೀವಿ. ಮಗಳು ಈಗ ಸೀನಿಯರ್ (ಹೈಸ್ಕೂಲ್ ಕೊನೇ ವರ್ಷ), 2026ರ ಫಾಲ್‌ಗೆ ಕಾಲೇಜು. ಹುಟ್ಟಿದ್ದು ಇಲ್ಲೇ, ಸಿಟಿಜನ್. ಎಸ್‌ಎಟಿ 1510, ರ‍್ಯಾಂಕ್ ಟಾಪ್ 8 ಪರ್ಸೆಂಟ್. ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ವಾಲಂಟಿಯರ್ ಮಾಡ್ತಾಳೆ. ಇಲ್ಲಿ ಮೊದಲು ನಾಲ್ಕು ವರ್ಷ ಡಿಗ್ರಿ (ಅಂಡರ್‌ಗ್ರ್ಯಾಡ್), ಆಮೇಲೆ ಮೆಡಿಕಲ್ ಕಾಲೇಜು; ಅದಕ್ಕೆ ತಯಾರಾಗೋ ಡಿಗ್ರಿ ಓದೇ ಪ್ರೀ-ಮೆಡ್. ಡಾಕ್ಟರ್ ಆಗಬೇಕು ಅನ್ನೋದು ಅವಳದ್ದೇ ಆಸೆ, ನಾವು ತಲೆಗೆ ತುಂಬಿದ್ದಲ್ಲ.

ಈಗಿರೋ ಪಟ್ಟಿ: ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಜಾನ್ಸ್ ಹಾಪ್ಕಿನ್ಸ್, ಡ್ಯೂಕ್, ಪೆನ್, ನಾರ್ತ್‌ವೆಸ್ಟರ್ನ್, ವಾಷ್‌ಯು, ರೈಸ್, ಬ್ರೌನ್ ಪಿಎಲ್‌ಎಂಇ (ಡಿಗ್ರಿ, ಮೆಡಿಕಲ್ ಎರಡೂ ಸೇರಿದ ಕೋರ್ಸ್), ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಆಸ್ಟಿನ್, ಯುಟಿ ಡಲ್ಲಾಸ್. ಆಸ್ಟಿನ್ ಮತ್ತು ಡಲ್ಲಾಸ್ ಎರಡೂ ಸೇಫ್ಟಿ, ಅಂದ್ರೆ ಸೀಟು ಖಚಿತ ಅಂತ ಇಟ್ಕೊಂಡಿದ್ದೀವಿ. ಹೆಸರಿರೋ ಕಾಲೇಜಿಂದ ಹೋದ್ರೆ ಮುಂದೆ ಮೆಡಿಕಲ್ ಸೀಟು ಸುಲಭ ಅಂತ ನಮ್ಮ ಯಜಮಾನ್ರ ವಾದ. ಮಗಳಿಗೆ ಸಣ್ಣ ಕಾಲೇಜು ಬೇಕಂತೆ. ವರ್ಷಕ್ಕೆ 35 ಸಾವಿರ ಡಾಲರ್ ತನಕ ಸಾಲ ಇಲ್ಲದೆ ಕೊಡಬಹುದು, ಅವಳ ಹಿಂದೆ ಇನ್ನೊಬ್ಬ ಮಗ ಇದ್ದಾನೆ. ಪಟ್ಟಿ ಬ್ಯಾಲೆನ್ಸ್ ಆಗಿದೆಯಾ?

ಕೇಟಿ_ಕರಾವಳಿ:
ಇಲ್ಲ. ಹತ್ತಾರು ಹೆಸರಲ್ಲಿ ಸೇಫ್ಟಿ ಅನ್ನಬಹುದಾದ್ದು ಒಂದೇ ಒಂದು, ಯುಟಿ ಡಲ್ಲಾಸ್. ಮಧ್ಯದಲ್ಲಿ ಏನೂ ಇಲ್ಲ ಮಾರಾಯ್ರೆ.

ಪ್ರೀಮೆಡ್_ಸೋಫಮೋರ್:
ಆಂಟಿ, ನಾನು ಟೆಕ್ಸಾಸ್‌ನಲ್ಲೇ ಪ್ರೀ-ಮೆಡ್, ಎರಡನೇ ವರ್ಷ. ಮೊದಲು ಆಸ್ಟಿನ್ ವಿಷಯ ಸರಿಮಾಡ್ಕೊಳ್ಳಿ. ಅಲ್ಲಿ ಹೈಸ್ಕೂಲ್ ರ‍್ಯಾಂಕ್ ನೋಡಿ ತಾನಾಗೇ ಸೀಟು ಕೊಡೋ ಆಟೋ ಅಡ್ಮಿಷನ್ ಮುಂಚೆ ಟಾಪ್ 6 ಪರ್ಸೆಂಟ್ ಇತ್ತು, 2026ರ ಫಾಲ್‌ಗೆ ಸೇರೋರಿಗೆ ಟಾಪ್ 5 ಮಾಡಿದ್ದಾರೆ. ಟೆಕ್ಸಾಸ್ ಹುಡುಗರಿಗೆ ಇರೋ ಸೀಟಲ್ಲಿ 75 ಪರ್ಸೆಂಟ್ ಆಟೋ ಅಡ್ಮಿಟ್‌ನವರಿಗೇ ಹೋಗುತ್ತೆ. ಉಳಿದ ಕಾಲು ಭಾಗಕ್ಕೆ ನಿಮ್ಮ ಮಗಳ ಥರದ ಟಾಪ್ 8, ಟಾಪ್ 10ರವರೆಲ್ಲ ಎಸ್ಸೆ ಬರೆದು ಗುದ್ದಾಡಬೇಕು. ನಿಮಗೆ ಆಸ್ಟಿನ್ ರೀಚ್ (ಸಿಗೋದು ಕಷ್ಟ), ಸೇಫ್ಟಿ ಖಂಡಿತ ಅಲ್ಲ.

ಆದ್ರೆ ಟಾಪ್ 10 ಪರ್ಸೆಂಟ್ ಕಾನೂನು 1997ರಿಂದ ಇದೆಯಲ್ಲ, ಅದು ಟೆಕ್ಸಾಸ್ ಎ ಆಂಡ್ ಎಂ, ಯೂನಿವರ್ಸಿಟಿ ಆಫ್ ಹ್ಯೂಸ್ಟನ್, ಯುಟಿ ಡಲ್ಲಾಸ್‌ಗೆಲ್ಲ ಅನ್ವಯಿಸುತ್ತೆ. ನಿಮ್ಮ ನಿಜವಾದ ಸೇಫ್ಟಿಗಳು ಅಲ್ಲಿವೆ.

ಧಾರವಾಡದಾಂವ_ಎನ್‌ಜೆ:
ಅಕ್ಕಾರ, ನಾ ಬ್ಯಾರೆ ಮಾತು ಕೇಳ್ತೀನ್ರಿ. ಒಂದು ಪ್ರೈವೇಟ್ ಕಾಲೇಜಿಗೆ ಈಗ ಊಟ, ರೂಮು ಎಲ್ಲಾ ಸೇರಿ ವರ್ಷಕ್ಕ 90 ಸಾವಿರ ಡಾಲರ್ ಆಸುಪಾಸು ಆಗತೈತಿ. ನಾಕು ವರ್ಷಕ್ಕ ಮೂರೂವರಿ ಲಕ್ಷ. ನೀವು 35 ಸಾವಿರ ಅಂತೀರಿ. ಉಳಿದದ್ದು ಎಲ್ಲಿಂದ ತರ್ತೀರಿ? ಆ ಕಾಲೇಜಿನ ವೆಬ್‌ಸೈಟಿನಾಗ ನಿಮಗ ಖರೇ ಎಷ್ಟು ಖರ್ಚು ಬೀಳತೈತಿ ಅಂತ ತೋರಿಸೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರತೈತಿ, ಒಂದೊಂದಕ್ಕೂ ಕುಂತು ತುಂಬಿ ನೋಡ್ರಿ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ದಾಂವ ಮೆರಿಟ್ ಸ್ಕಾಲರ್‌ಶಿಪ್ ಕೊಡೂದಿಲ್ಲ, ಮನಿ ಆದಾಯ ನೋಡಿನ ಕೊಡ್ತಾರ. ಇಬ್ಬರೂ ಐಟಿ ಇದ್ರ ಬಹಳ ಸಿಗೂದಿಲ್ಲ.

ಫ್ರಿಸ್ಕೋ_ಅಮ್ಮ:
ಹೌದು, ಇಬ್ಬರೂ ಐಟಿ. ಅಂಡರ್‌ಗ್ರ್ಯಾಡ್‌ಗೆ ಸ್ವಲ್ಪ ಸಾಲ ಮಾಡಿದ್ರೂ ಮುಂದೆ ಡಾಕ್ಟರ್ ಆದ್ಮೇಲೆ ತೀರಿಸ್ತಾಳೆ ಅಂತ ಯಜಮಾನ್ರು ಅಂತಾರೆ.

ಮೇಷ್ಟ್ರು_ಒಹಾಯೋ:
ಈ ಮಾತಿಗೆ ಉತ್ತರ ಕೊಡಲೇಬೇಕು. ಅಮೆರಿಕದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಪ್ರತಿ ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿ ತರಗತಿಯಲ್ಲಿ ಪ್ರೀ-ಮೆಡ್ ಮಕ್ಕಳನ್ನೇ ನೋಡುತ್ತೇನೆ.

ಸಾಲದ ಲೆಕ್ಕ ಈಗ ಬದಲಾಗಿದೆ. ಜುಲೈ 2025ರಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಡಿಗ್ರಿ ಆದಮೇಲಿನ ಓದಿಗೆ ಸರ್ಕಾರ ಕೊಡುತ್ತಿದ್ದ) ಸಾಲ ಇಲ್ಲ. ಮೆಡಿಕಲ್ ಓದುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟಕ್ಕೆ ಮಿತಿ. ಮೊದಲು ಮೆಡಿಕಲ್ ಕಾಲೇಜಿನ ಪೂರ್ತಿ ಖರ್ಚಿಗೆ ಸರ್ಕಾರವೇ ಸಾಲ ಕೊಡುತ್ತಿತ್ತು. ನಿಮ್ಮ ಮಗಳು 2030ರ ಹೊತ್ತಿಗೆ ಮೆಡಿಕಲ್ ಸೇರಿದರೆ ಈ ಮಿತಿಯೊಳಗೇ ಬರುತ್ತಾಳೆ. ಮಿಕ್ಕಿದ್ದಕ್ಕೆ ಖಾಸಗಿ ಬ್ಯಾಂಕಿನ ಸಾಲ, ಅದಕ್ಕೆ ನಿಮ್ಮ ಸಹಿ. ಆದ್ದರಿಂದ ಅಂಡರ್‌ಗ್ರ್ಯಾಡ್‌ನಲ್ಲಿ ಉಳಿಸಿದ ಹಣವೇ ಮುಂದೆ ಕೈ ಹಿಡಿಯುವುದು. ಹಿಂದೆ ಇದು ಸಲಹೆಯಾಗಿತ್ತು, ಈಗ ಅನಿವಾರ್ಯ.

ಇನ್ನು ಹೆಸರಿನ ವಿಷಯ. ಮೆಡಿಕಲ್ ಕಾಲೇಜುಗಳು ಮೊದಲು ನೋಡುವುದು ಜಿಪಿಎ (4ಕ್ಕೆ ಗ್ರೇಡ್ ಸರಾಸರಿ) ಮತ್ತು ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ). ಸೇರುವವರ ಸರಾಸರಿ ಜಿಪಿಎ 3.8ರ ಸುತ್ತ, ಎಂಕ್ಯಾಟ್ 528ಕ್ಕೆ 511-512. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇವುಗಳ ಜಿಪಿಎಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಬಹಳ ದೊಡ್ಡ ಹೆಸರಿನ ಕಾಲೇಜಿನಲ್ಲಿ 3.4 ತೆಗೆದುಕೊಂಡ ಹುಡುಗಿಗಿಂತ ಊರ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ 3.9 ತೆಗೆದವಳ ದಾರಿ ಸುಗಮ. ಹೆಸರಿಗೆ ಬೆಲೆಯೇ ಇಲ್ಲ ಎನ್ನುವುದಿಲ್ಲ. ಸಂಶೋಧನೆಯ ಅವಕಾಶ, ಶಿಫಾರಸು ಪತ್ರ, ಇವುಗಳಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಜಿಪಿಎಯನ್ನು ಮುಚ್ಚಿಹಾಕುವಷ್ಟಲ್ಲ.

ಬೇ_ಏರಿಯಾ_ಶ್ಯಾಮಲಿ:
ಮೇಷ್ಟ್ರೇ, ಒಪ್ಪಲ್ಲ. ದೊಡ್ಡ ಪ್ರೈವೇಟ್ ಕಾಲೇಜುಗಳಲ್ಲೇ ಗ್ರೇಡ್ ಧಾರಾಳವಾಗಿ ಕೊಡ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಒಂದು ದೊಡ್ಡ ಪಬ್ಲಿಕ್ ಯೂನಿವರ್ಸಿಟಿಯಲ್ಲಿ 400 ಜನರ ಕೆಮಿಸ್ಟ್ರಿ ಕ್ಲಾಸಲ್ಲಿ ಕರ್ವ್‌ಗೆ (ಎಲ್ಲರನ್ನೂ ಹೋಲಿಸಿ ಗ್ರೇಡ್ ಕೊಡೋ ಪದ್ಧತಿಗೆ) ಸಿಕ್ಕಿ ಬಿ ಮೇಲೆ ಬಿ ತಗೊಂಡ. ಸ್ಟೇಟ್ ಅಂದ್ರೆ ಸುಲಭ ಅಂತ ಯಾರಿಗೂ ಹೇಳ್ಬೇಡಿ.

ಮೇಷ್ಟ್ರು_ಒಹಾಯೋ:
ನ್ಯಾಯವಾದ ಮಾತು. ಅದಕ್ಕೇ ಕಾಲೇಜು ಭೇಟಿಗೆ ಹೋದಾಗ ಕೇಳಬೇಕಾದ ಪ್ರಶ್ನೆ: ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಎಷ್ಟು ಜನ, ಲ್ಯಾಬ್ ನಡೆಸುವವರು ಯಾರು, ಗ್ರೇಡ್ ಕರ್ವ್ ಮೇಲೋ ಅಲ್ಲವೋ.

ಪ್ರೀಮೆಡ್_ಸೋಫಮೋರ್:
ಇನ್ನೊಂದು ಕೇಳ್ಲೇಬೇಕು. "ನಮ್ಮ ಪ್ರೀ-ಮೆಡ್ ಮಕ್ಕಳಲ್ಲಿ 90 ಪರ್ಸೆಂಟ್‌ಗೆ ಮೆಡಿಕಲ್ ಸೀಟ್ ಸಿಗುತ್ತೆ" ಅಂತ ಟೂರ್‌ನಲ್ಲಿ ಹೇಳ್ತಾರೆ. ಇಡೀ ದೇಶದಲ್ಲಿ ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ಜನಕ್ಕೂ ಸೀಟ್ ಸಿಗಲ್ಲ. ಹಾಗಾದ್ರೆ ಇವರ 90 ಎಲ್ಲಿಂದ ಬಂತು? ಕೆಲವು ಕಾಲೇಜಲ್ಲಿ ಕಮಿಟಿ ಲೆಟರ್ ಅಂತ ಇದೆ, ಮೆಡಿಕಲ್ ಅರ್ಜಿಗೆ ಕಾಲೇಜೇ ಕೊಡೋ ಶಿಫಾರಸು ಪತ್ರ. ಗ್ರೇಡ್ ಕಮ್ಮಿ ಇದ್ದವರಿಗೆ ಆ ಲೆಟರ್ ಕೊಡಲ್ಲ, ಅವರು ಅರ್ಜಿನೇ ಹಾಕಲ್ಲ, ಲೆಕ್ಕದಿಂದಲೇ ಹೊರಗೆ. ನನ್ನ ಸೀನಿಯರ್ ಒಬ್ಬಳಿಗೆ ಹಾಗೇ ಆಯ್ತು, ಮೂರನೇ ವರ್ಷದ ಕೊನೆಗೆ ಕರೆದು "ಈ ವರ್ಷ ಬೇಡ" ಅಂದ್ರು. "ಮೊದಲ ವರ್ಷ ಪ್ರೀ-ಮೆಡ್ ಅಂತ ಬಂದವರು ಎಷ್ಟು, ಕೊನೆಗೆ ಅರ್ಜಿ ಹಾಕಿದವರು ಎಷ್ಟು" ಅಂತ ಕೇಳಿ. ಉತ್ತರ ಕೊಡೋ ಕಾಲೇಜನ್ನ ನಂಬಬಹುದು.

ಹಾಸನದ_ಅಣ್ಣ:
ಬೇಯ್ಲರ್ ಹಾಕಿ ಅಕ್ಕ. ಅಲ್ಲಿ ಸೇರಿದ್ರೆ ಹ್ಯೂಸ್ಟನ್‌ನ ಬೇಯ್ಲರ್ ಮೆಡಿಕಲ್ ಕಾಲೇಜಿಗೆ ಸೀದಾ ದಾರಿ.

ಕೇಟಿ_ಕರಾವಳಿ:
ಎರಡೂ ಬೇರೆ ಬೇರೆ ಸಂಸ್ಥೆ. ಬೇಯ್ಲರ್ ಯೂನಿವರ್ಸಿಟಿ ಇರೋದು ವೇಕೋದಲ್ಲಿ. ಹ್ಯೂಸ್ಟನ್‌ನ ಬೇಯ್ಲರ್ ಕಾಲೇಜ್ ಆಫ್ ಮೆಡಿಸಿನ್ 1969ರಲ್ಲೇ ಅದರಿಂದ ಬೇರೆಯಾಗಿದೆ. ಹೆಸರು ನೋಡಿ ಸೇರಿಸಬೇಡಿ. ಆಸ್ಟಿನ್ ಕಾಲೇಜ್ ಕೂಡ ಆಸ್ಟಿನ್‌ನಲ್ಲಿಲ್ಲ, ಶೆರ್ಮನ್‌ನಲ್ಲಿ ಉಂಟು.

ಹಾಸನದ_ಅಣ್ಣ:
ಓ ಸರಿ ಸರಿ.

ಕೇಟಿ_ಕರಾವಳಿ:
ಆಸ್ಟಿನ್ ಕಾಲೇಜ್ ಅಂದದ್ದಕ್ಕೆ ಹೇಳ್ತೇನೆ. ಮಗಳಿಗೆ ಸಣ್ಣ ಕಾಲೇಜು ಬೇಕು ಅಂತ ಅಮ್ಮ ಬರೆದಿದ್ದಾರೆ, ಅದನ್ನು ಇಲ್ಲಿ ಯಾರೂ ಹಿಡಿಯಲಿಲ್ಲ. ಪಟ್ಟಿಯಲ್ಲಿ ಒಂದೂ ಸಣ್ಣ ಕಾಲೇಜಿಲ್ಲ! ಸ್ಯಾನ್ ಆಂಟೋನಿಯೋದ ಟ್ರಿನಿಟಿ, ಜಾರ್ಜ್‌ಟೌನ್ ಊರಿನ ಸೌತ್‌ವೆಸ್ಟರ್ನ್, ಶೆರ್ಮನ್‌ನ ಆಸ್ಟಿನ್ ಕಾಲೇಜ್. ಮೂರೂ ಟೆಕ್ಸಾಸ್‌ನವೇ. ಪಿಎಚ್‌ಡಿ ವಿದ್ಯಾರ್ಥಿಗಳ ಗುಂಪು ಇಲ್ಲದ ಕಾರಣ ಲ್ಯಾಬ್‌ನಲ್ಲಿ ಪ್ರೊಫೆಸರ್ ಜೊತೆ ಕೆಲಸ ಮಾಡುವುದು ಅಂಡರ್‌ಗ್ರ್ಯಾಡ್ ಮಕ್ಕಳೇ. ಶಿಫಾರಸು ಪತ್ರ ಬರೆಯುವವರಿಗೆ ಮಗುವಿನ ಹೆಸರು ಗೊತ್ತಿರ್ತದೆ. ಕಾಲೇಜು ಹೇಳುವ ಬೆಲೆ ಜಾಸ್ತಿ ಕಂಡ್ರೂ 1510 ಇದ್ದವರಿಗೆ ಮೆರಿಟ್ ಹಣ ಚೆನ್ನಾಗಿ ಕೊಡ್ತಾರೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವ, ನಮ್ಮಲ್ಲಿಗೆ ಬರುವ ರೆಸಿಡೆಂಟ್‌ಗಳಲ್ಲಿ (ತರಬೇತಿಯಲ್ಲಿರುವ ಡಾಕ್ಟರ್‌ಗಳಲ್ಲಿ) ಇಂಥ ಕಾಲೇಜಿಂದ ಬಂದವರು ಬೇಕಾದಷ್ಟು ಇದ್ದಾರೆ. ರೋಗಿ ಯಾರೂ ಅಂಡರ್‌ಗ್ರ್ಯಾಡ್ ಎಲ್ಲಿ ಅಂತ ಕೇಳುವುದಿಲ್ಲ.

ಬೇ_ಏರಿಯಾ_ಶ್ಯಾಮಲಿ:
ನಿಮಗೆ ಟೆಕ್ಸಾಸ್ ರೆಸಿಡೆನ್ಸಿ (ಆ ರಾಜ್ಯದ ನಿವಾಸಿ ಅನ್ನೋ ಅರ್ಹತೆ) ಇದೆ ಅನ್ನೋದೇ ದೊಡ್ಡ ಭಾಗ್ಯ, ಅದನ್ನ ಬಿಟ್ಟು ಹೊರಗೆ ಯಾಕೆ ನೋಡ್ತೀರೋ. ಕ್ಯಾಲಿಫೋರ್ನಿಯಾದ ಮಕ್ಕಳು ನಮ್ಮ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮೆಡಿಕಲ್ ಕಾಲೇಜು ಸಿಗದೆ ದೇಶ ಪೂರ್ತಿ ಅರ್ಜಿ ಹಾಕ್ತಾರೆ.

ಕೇಟಿ_ಕರಾವಳಿ:
ನೂರಕ್ಕೆ ನೂರು ನಿಜ. ಟೆಕ್ಸಾಸ್‌ನ ಪಬ್ಲಿಕ್ ಮೆಡಿಕಲ್ ಕಾಲೇಜುಗಳಲ್ಲಿ 90 ಪರ್ಸೆಂಟ್ ಸೀಟು ರಾಜ್ಯದವರಿಗೇ ಅಂತ ಕಾನೂನು ಉಂಟು. ಯುಟಿ ಸೌತ್‌ವೆಸ್ಟರ್ನ್, ಗ್ಯಾಲ್ವೆಸ್ಟನ್, ಹ್ಯೂಸ್ಟನ್‌ನ ಮೆಕ್‌ಗವರ್ನ್, ಸ್ಯಾನ್ ಆಂಟೋನಿಯೋದ ಲಾಂಗ್, ಲಬ್ಬಕ್, ಎಲ್ ಪಾಸೊ, ಆಸ್ಟಿನ್‌ನ ಡೆಲ್, ಇತ್ತೀಚೆಗೆ ಟೈಲರ್. ಟಿಎಂಡಿಎಸ್‌ಎಎಸ್ ಅಂತ ಒಂದೇ ಅರ್ಜಿ, ಎಷ್ಟು ಕಾಲೇಜಿಗೆ ಹಾಕಿದ್ರೂ ಒಂದೇ ಫೀಸು. ರಾಜ್ಯದವರಿಗೆ ಟ್ಯೂಷನ್ ವರ್ಷಕ್ಕೆ 20 ಸಾವಿರದ ಆಸುಪಾಸು, ಪ್ರೈವೇಟಿನಲ್ಲಿ ಅದರ ಮೂರು ಪಟ್ಟು. ಅಂಡರ್‌ಗ್ರ್ಯಾಡ್ ಹೊರರಾಜ್ಯದಲ್ಲಿ ಮಾಡಿದ್ರೂ ಅಪ್ಪ-ಅಮ್ಮ ಇಲ್ಲೇ ಇದ್ದರೆ ಸಾಮಾನ್ಯವಾಗಿ ರೆಸಿಡೆನ್ಸಿ ಉಳೀತದೆ. ಆದ್ರೆ ಇಲ್ಲಿನ ಅಡ್ವೈಸರ್‌ಗಳಿಗೆ ಟೆಕ್ಸಾಸ್ ಅರ್ಜಿಯ ಒಳಹೊರಗು ಗೊತ್ತಿರ್ತದೆ, ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ.

ರೌಂಡ್‌ರಾಕ್_ರಾಯರು:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಮಗ ಜೂನಿಯರ್ (ಹೈಸ್ಕೂಲ್ ಮೂರನೇ ವರ್ಷ), ಅವನಿಗೂ ಪ್ರೀ-ಮೆಡ್ ಹುಚ್ಚು. ನಾವಿನ್ನೂ ಎಚ್-1ಬಿ ಕೆಲಸದ ವೀಸಾ, ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಆಗಿದೆ, ಇಂಡಿಯಾ ಇಬಿ-2 ಗ್ರೀನ್ ಕಾರ್ಡ್ ಸಾಲಲ್ಲಿ ಕೂತಿದ್ದೀವಿ. ಅವನು ಹುಟ್ಟಿದ್ದು ಬೆಂಗಳೂರಲ್ಲಿ, ಎಚ್-4 (ನಮ್ಮ ವೀಸಾ ಮೇಲೆ ಅವಲಂಬಿತ). ಅವನಿಗೂ ಈ ಪಟ್ಟಿಗಳೇ ನಡೆಯುತ್ತಾ?

ಧಾರವಾಡದಾಂವ_ಎನ್‌ಜೆ:
ರಾಯರ, ನಿಮ್ಮ ಲೆಕ್ಕ ಪೂರಾ ಬ್ಯಾರೆ. 21 ತುಂಬಿದ ಕೂಡಲೆ ಎಚ್-4 ಹೋಗತೈತಿ, ಎಫ್-1 ಸ್ಟೂಡೆಂಟ್ ವೀಸಾಕ್ಕ ಬದಲಾಗಬೇಕು. ಆಮ್ಯಾಲೆ ಅಂವ ಇಂಟರ್‌ನ್ಯಾಶನಲ್ ಸ್ಟೂಡೆಂಟ್. ಮೆಡಿಕಲ್ ಕಾಲೇಜಿನಾಗ ಭಾಳ ಮಂದಿ ಇಂಟರ್‌ನ್ಯಾಶನಲ್ ಅರ್ಜಿ ತಗೊಳ್ಳೂದ ಇಲ್ಲ. ತಗೊಂಡ್ರೂ ಫೆಡರಲ್ ಸಾಲ ಇಲ್ಲ, ಕೆಲವರು ರೊಕ್ಕ ಮೊದಲ ಎಸ್ಕ್ರೋ (ಮೂರನೆಯವರ ಕಡೆ ಇಡೋ) ಖಾತೆದಾಗ ಇಡ್ರಿ ಅಂತಾರ. ಎಎಎಂಸಿ (ಮೆಡಿಕಲ್ ಕಾಲೇಜುಗಳ ಸಂಘ) ಕೊಡೋ ಎಂಎಸ್‌ಎಆರ್ ಅಂತ ಪಟ್ಟಿ ಐತಿ, ಯಾವ ಕಾಲೇಜು ಯಾರನ್ನ ತಗೋತದ ಅಂತ ಅದರಾಗ ನೋಡ್ರಿ.

ಪ್ರೀಮೆಡ್_ಸೋಫಮೋರ್:
ಅಂಕಲ್, ನನ್ನ ರೂಮ್‌ಮೇಟ್ ಎಚ್-4. ಟೆಕ್ಸಾಸ್‌ನಲ್ಲಿ ಎಚ್-4 ಇದ್ದವರಿಗೂ ಇನ್-ಸ್ಟೇಟ್ ಟ್ಯೂಷನ್ ಸಿಗುತ್ತೆ, ಅದು ಒಳ್ಳೆ ಸುದ್ದಿ. ಕಷ್ಟ ಏನಂದ್ರೆ ಸಂಬಳದ ಲ್ಯಾಬ್ ಕೆಲಸ, ಸ್ಕ್ರೈಬ್ (ಡಾಕ್ಟರ್ ಪಕ್ಕ ಕೂತು ನೋಟ್ಸ್ ಬರೆಯೋ) ಕೆಲಸ ಮಾಡಂಗಿಲ್ಲ. ಅವನು ಎರಡು ಮೇಜರ್ ಮಾಡ್ತಿದ್ದಾನೆ, ಬಯಾಲಜಿ ಜೊತೆ ಡೇಟಾ ಸೈನ್ಸ್. ಗ್ರೀನ್ ಕಾರ್ಡ್ ಬರ್ದಿದ್ರೂ ಓದಿದ್ದು ಕೈಬಿಡಬಾರದು ಅಂತ. ಅಡ್ವೈಸರ್‌ಗೆ ಮೊದಲ ವಾರದಲ್ಲೇ ವೀಸಾ ವಿಷಯ ಹೇಳಿಬಿಡಲಿ, ಮುಚ್ಚಿಟ್ರೆ ಅವನಿಗೇ ನಷ್ಟ.

ತುಮಕೂರು_ಟು_ಟ್ಯಾಂಪಾ:
ಇಷ್ಟೆಲ್ಲ ಒದ್ದಾಟ ಯಾಕೆ? ಮಣಿಪಾಲದಲ್ಲಿ ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಮಾಡಿಸಿ, ಐದೂವರೆ ವರ್ಷಕ್ಕೆ ಡಾಕ್ಟರ್. ಇಲ್ಲಿ ಎಂಟು ವರ್ಷ.

ದಾವಣಗೆರೆ_ಎಂಬಿಬಿಎಸ್:
ನಾನು ಅದೇ ದಾರಿಯಲ್ಲಿ ಬಂದವನು. ದಾವಣಗೆರೆಯಲ್ಲಿ ಎಂಬಿಬಿಎಸ್, ಆಮೇಲೆ ಯುಎಸ್‌ಎಂಎಲ್‌ಇ (ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ), ಈಗ ಮಿಷಿಗನ್‌ನಲ್ಲಿ ಇಂಟರ್ನಲ್ ಮೆಡಿಸಿನ್. ಹೇಳುವಷ್ಟು ಸಲೀಸಲ್ಲ. ಎನ್‌ಆರ್‌ಐ ಕೋಟಾಗೂ ನೀಟ್ ಬರೆಯಲೇಬೇಕು. ನೀಟ್ ಅಂದ್ರೆ ಎನ್‌ಸಿಇಆರ್‌ಟಿ ಪುಸ್ತಕ ಅಕ್ಷರ ಬಿಡದೆ ಓದಬೇಕು, ಇಲ್ಲಿನ ಎಪಿ (ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಕೋರ್ಸ್) ಓದಿದ ಮಕ್ಕಳಿಗೆ ಆ ರೀತಿಯೇ ಹೊಸದು. ಎಂಬಿಬಿಎಸ್ ಮುಗಿಸಿ ವಾಪಸ್ ಬಂದು ರೆಸಿಡೆನ್ಸಿ (ಆಸ್ಪತ್ರೆ ತರಬೇತಿ) ಸೀಟು ಹಂಚುವ ಮ್ಯಾಚ್‌ಗೆ ಕೂತಾಗ ಇಲ್ಲಿ ಓದಿದವರ ಜೊತೆ ಸ್ಪರ್ಧೆ. ಯುಎಸ್‌ಎಂಎಲ್‌ಇಯ ಮೊದಲ ಹಂತ ಸ್ಟೆಪ್ 1ಕ್ಕೆ ಅಂಕ ಇದ್ದಾಗ ನಮ್ಮಂಥವರು 250 ದಾಟಿ ಎದ್ದು ಕಾಣಬಹುದಿತ್ತು. ಜನವರಿ 2022ರಿಂದ ಅದು ಬರೀ ಪಾಸ್-ಫೇಲ್. ಈಗ ಹೊರದೇಶದಲ್ಲಿ ಓದಿದವರಿಗೆ ತೋರಿಸಿಕೊಳ್ಳೋಕೆ ಸ್ಟೆಪ್ 2 ಒಂದೇ. ಇಂಡಿಯಾದಲ್ಲೇ ಇದ್ದು ಪ್ರಾಕ್ಟೀಸ್ ಮಾಡುವ ಮನಸ್ಸಿದ್ದರೆ ಮಣಿಪಾಲ ಬಹಳ ಒಳ್ಳೆಯದು. ಅಮೆರಿಕಕ್ಕೆ ವಾಪಸ್ ಬರುವ ಅಡ್ಡದಾರಿ ಅಂತ ಕಳಿಸಬೇಡಿ.

ತುಮಕೂರು_ಟು_ಟ್ಯಾಂಪಾ:
ನಮ್ಮ ಅಕ್ಕನ ಮಗ ಮಾಡಿ ಬಂದ, ಮ್ಯಾಚ್ ಆಯ್ತು. ಆಗಲ್ಲ ಅನ್ನಬೇಡಿ.

ದಾವಣಗೆರೆ_ಎಂಬಿಬಿಎಸ್:
ಆಗಲ್ಲ ಅನ್ನಲಿಲ್ಲ ಸ್ವಾಮಿ, ನನಗೂ ಆಗಿದೆಯಲ್ಲ. ಆಗದವರು ಈ ಚರ್ಚೆಗೆ ಬಂದು ಬರೆಯಲ್ಲ, ಅದನ್ನ ನೆನಪಿಡಿ.

ಹಾಸನದ_ಅಣ್ಣ:
ಬಿಎಸ್-ಎಂಡಿ ಬಗ್ಗೆ ಯಾರೂ ಹೇಳಲಿಲ್ಲ. ಹೈಸ್ಕೂಲಿಂದಲೇ ಮೆಡಿಕಲ್ ಸೀಟು ಕೈಗೆ ಬಂದ್ರೆ ಈ ತಲೆನೋವೇ ಇಲ್ಲ.

ಮೇಷ್ಟ್ರು_ಒಹಾಯೋ:
ಬ್ರೌನ್‌ನ ಎಂಟು ವರ್ಷದ ಪಿಎಲ್‌ಎಂಇ, ಮಿಸೂರಿಯ ಯುಎಂಕೆಸಿಯ ಆರು ವರ್ಷದ ಕೋರ್ಸ್, ಪಿಟ್ಸ್‌ಬರ್ಗ್, ಕೇಸ್ ವೆಸ್ಟರ್ನ್, ರೋಚೆಸ್ಟರ್, ಅಲಬಾಮಾದ ಬರ್ಮಿಂಗ್‌ಹ್ಯಾಮ್, ಹೀಗೆ ಇವೆ. ಒಂದೊಂದರಲ್ಲೂ ಸೀಟು ಬೆರಳೆಣಿಕೆ. ಹಾಕಲಿ, ಆದರೆ ಅವನ್ನೆಲ್ಲ ರೀಚ್ ಎಂದೇ ಎಣಿಸಿ. ಇನ್ನೊಂದು ಗಮನಿಸಿ: ಬಿಎಸ್-ಎಂಡಿ ಸಿಗದಿದ್ದರೂ ಆ ಯೂನಿವರ್ಸಿಟಿಗೆ ಸಾಮಾನ್ಯ ಪ್ರವೇಶ ಸಿಗಬಹುದು. ಪಿಟ್ಸ್‌ಬರ್ಗ್ ಮತ್ತು ಕೇಸ್ ವೆಸ್ಟರ್ನ್ ಎರಡೂ ದೊಡ್ಡ ಆಸ್ಪತ್ರೆಗಳ ಮಗ್ಗುಲಲ್ಲೇ ಇವೆ. ಪಿಟ್ಸ್‌ಬರ್ಗ್ ಅರ್ಜಿ ಬಂದ ಹಾಗೆಲ್ಲ ಉತ್ತರ ಕೊಡುತ್ತದೆ, ಬೇಗ ಹಾಕಿದರೆ ಚಳಿಗಾಲಕ್ಕೆ ಮೊದಲೇ ಮನಸ್ಸು ನಿರಾಳ. ನಿಮ್ಮ ಪಟ್ಟಿಯ ಮಧ್ಯಭಾಗ ಖಾಲಿ ಇದೆಯಲ್ಲ, ಅಲ್ಲಿಗೆ ಇಂಥವು. ಖರ್ಚು ಮಾತ್ರ ಮೆರಿಟ್ ಹಣ ಬಂದ ಮೇಲೆ ನೋಡಿ ತೀರ್ಮಾನಿಸಿ.

ಫ್ರಿಸ್ಕೋ_ಅಮ್ಮ:
ಎಲ್ಲ ಓದಿದೆ, ಮಗಳಿಗೂ ಓದಿ ಹೇಳಿದೆ. ಸಣ್ಣ ಕಾಲೇಜು ವಿಷಯ ಬಂದಾಗ ಅವಳ ಮುಖ ಅರಳಿತು. ಯಜಮಾನ್ರು ಸಾಲದ ಮಿತಿ ಕಾನೂನು ತೆಗೆದು ಎರಡು ಸಲ ಓದಿದ್ರು. ರೈಸ್‌ಗೆ ಅರ್ಲಿ ಡಿಸಿಷನ್ ಹಾಕಿದ್ರೆ ಚಾನ್ಸ್ ಜಾಸ್ತಿ ಅಂತಾರಲ್ಲ, ಹಾಕೋದಾ?

ಧಾರವಾಡದಾಂವ_ಎನ್‌ಜೆ:
ಅರ್ಲಿ ಡಿಸಿಷನ್ ಅಂದ್ರ ಕರಾರು. ಸಿಕ್ಕಿತಂದ್ರ ಹೋಗಬೇಕು, ಬ್ಯಾರೆ ಕಡಿ ಎಷ್ಟು ಸ್ಕಾಲರ್‌ಶಿಪ್ ಬಂತು ಅಂತ ನೋಡಾಕ ಆಗೂದಿಲ್ಲ. 35 ಸಾವಿರದ ಮಿತಿ ಹಾಕ್ಕೊಂಡ ಮನಿಗೆ ಅದು ಬ್ಯಾಡ. ಕ್ಯಾಲ್ಕುಲೇಟರ್ ನಿಮ್ಮ ಮಿತಿಯೊಳಗ ತೋರಿಸಿದ್ರ ಅಷ್ಟ ಹಾಕ್ರಿ.

ಬೇ_ಏರಿಯಾ_ಶ್ಯಾಮಲಿ:
ಹಾಕ್ಲಿ ಬಿಡಿ, ರೈಸ್ ಟೆಕ್ಸಾಸ್ ಮೆಡಿಕಲ್ ಸೆಂಟರ್ ಎದುರಿಗೇ ಇದೆ, ರಸ್ತೆ ದಾಟಿದ್ರೆ ಆಸ್ಪತ್ರೆ. ಅಂಥ ಅವಕಾಶ ಇನ್ನೆಲ್ಲಿ?

ಧಾರವಾಡದಾಂವ_ಎನ್‌ಜೆ:
ರಸ್ತೆ ದಾಟಾಕ ವರ್ಷಕ್ಕ 55 ಸಾವಿರ ಹೆಚ್ಚಿಗಿ ಯಾರು ಕೊಡ್ತಾರ್ರೀ? ಯೂನಿವರ್ಸಿಟಿ ಆಫ್ ಹ್ಯೂಸ್ಟನ್ ಆನರ್ಸ್‌ನಾಗ ಇದ್ದು ಅದ ಆಸ್ಪತ್ರಿಗೆ ರೈಲಿನಾಗ ಹೋಗಬಹುದು.

ಫ್ರಿಸ್ಕೋ_ಅಮ್ಮ:
ಮಗಳು ಕೂತು ತಾನೇ ಬರೆದ ಪಟ್ಟಿ ಹಾಕ್ತಿದ್ದೀನಿ. ರೀಚ್: ರೈಸ್ ರೆಗ್ಯುಲರ್ (ಕರಾರಿಲ್ಲದ ಅರ್ಜಿ), ಯುಟಿ ಆಸ್ಟಿನ್, ಬ್ರೌನ್ ಪಿಎಲ್‌ಎಂಇ, ಅವಳಪ್ಪನ ಆಸೆಗೆ ಡ್ಯೂಕ್. ಮಧ್ಯ: ಪಿಟ್ಸ್‌ಬರ್ಗ್, ಕೇಸ್ ವೆಸ್ಟರ್ನ್, ಟ್ರಿನಿಟಿ. ಸೇಫ್ಟಿ: ಎ ಆಂಡ್ ಎಂ, ಯುಟಿ ಡಲ್ಲಾಸ್, ಸೌತ್‌ವೆಸ್ಟರ್ನ್. ಮೇಜರ್ ನ್ಯೂರೋಸೈನ್ಸ್ ಅಥವಾ ಪಬ್ಲಿಕ್ ಹೆಲ್ತ್ ಅಂತಾಳೆ, ಬಯಾಲಜಿ ಅಲ್ಲದಿದ್ರೆ ತೊಂದ್ರೆಯಾ?

ಮೇಷ್ಟ್ರು_ಒಹಾಯೋ:
ಏನೂ ತೊಂದರೆ ಇಲ್ಲ. ಪ್ರೀ-ಮೆಡ್ ಅನ್ನುವುದು ಮೇಜರ್ ಅಲ್ಲ, ಬೇಕಾದ ಕೋರ್ಸುಗಳ ಸಾಲು ಅಷ್ಟೆ. ಇಷ್ಟವಿಲ್ಲದ ಮೇಜರ್‌ನಲ್ಲಿ ಒಳ್ಳೆಯ ಜಿಪಿಎ ಬರುವುದು ಕಷ್ಟ. ಮಧ್ಯದಲ್ಲಿ ಮನಸ್ಸು ಬದಲಿಸುವ ಮಕ್ಕಳೂ ಬಹಳ, ಅವರಿಗೆ ಆ ಮೇಜರ್ ಒಂದೇ ಉಳಿಯುವುದು. ಪಟ್ಟಿ ಈಗ ಚೆನ್ನಾಗಿದೆ.

ಬೇ_ಏರಿಯಾ_ಶ್ಯಾಮಲಿ:
ಡ್ಯೂಕ್ ಇನ್ನೂ ಬಿಟ್ಟಿಲ್ಲ, ಒಳ್ಳೇದು. ಒಂದಾದ್ರೂ ದೊಡ್ಡ ಕನಸು ಇರ್ಲಿ.

ಪ್ರೀಮೆಡ್_ಸೋಫಮೋರ್:
ಆಂಟಿ, ಕೊನೇ ಎರಡು ವಿಷಯ. ಆಸ್ಟಿನ್ ಮತ್ತು ಎ ಆಂಡ್ ಎಂ ಎರಡಕ್ಕೂ ಅರ್ಲಿ ಆಕ್ಷನ್ (ಬೇಗ ಹಾಕೋ ಅರ್ಜಿ) ಕೊನೇ ದಿನ ಅಕ್ಟೋಬರ್ 15, ಇದು ಕರಾರು ಅಲ್ಲ, ಧೈರ್ಯವಾಗಿ ಹಾಕಿ. ಮತ್ತೆ ಅವಳು ಹೈಸ್ಕೂಲಲ್ಲಿ ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಕ್ರೆಡಿಟ್ (ಹೈಸ್ಕೂಲ್, ಕಾಲೇಜು ಎರಡಕ್ಕೂ ಲೆಕ್ಕಕ್ಕೆ ಬರೋ) ಕ್ಲಾಸ್ ಏನಾದ್ರೂ ತಗೊಂಡಿದ್ದಾಳಾ? ಆ ಗ್ರೇಡ್‌ಗಳು ಮೆಡಿಕಲ್ ಅರ್ಜಿಯ ಜಿಪಿಎಗೆ ಸೇರುತ್ತವೆ. ಸೀನಿಯರ್ ವರ್ಷ ಅಂತ ಸಡಿಲ ಬಿಡಬಾರದು.

ಫ್ರಿಸ್ಕೋ_ಅಮ್ಮ:
ತಗೊಂಡಿದ್ದಾಳೆ, ಇಂಗ್ಲಿಷ್ ಮತ್ತು ಯುಎಸ್ ಹಿಸ್ಟರಿ. ಈ ಸೆಮಿಸ್ಟರ್ ಸ್ಟ್ಯಾಟಿಸ್ಟಿಕ್ಸ್ ನಡೀತಿದೆ. ಅದೂ ಸೇರುತ್ತಾ?

ಪ್ರೀಮೆಡ್_ಸೋಫಮೋರ್:
ಸೇರುತ್ತೆ. ಸ್ಟ್ಯಾಟಿಸ್ಟಿಕ್ಸ್ ಗಣಿತದ ಲೆಕ್ಕಕ್ಕೆ, ಅಂದ್ರೆ ಸೈನ್ಸ್ ಜಿಪಿಎಗೇ. ಮಿಡ್‌ಟರ್ಮ್ ಯಾವಾಗ ಅಂತ ಕೇಳಿ.

ರೌಂಡ್‌ರಾಕ್_ರಾಯರು:
ನಮ್ಮವನೂ ಎರಡು ತಗೊಂಡಿದ್ದಾನೆ! ಇದನ್ನ ಸ್ಕೂಲಲ್ಲಿ ಯಾರೂ ಹೇಳಲಿಲ್ಲ. ಇವತ್ತೇ ಟ್ರಾನ್ಸ್‌ಕ್ರಿಪ್ಟ್ ತರಿಸ್ತೀನಿ.